ಏರ್ ಪ್ಯೂರಿಫೈಯರ್ ಓಡುತ್ತಲೇ ಇದೆ, ನಂಬರ್ ಮಾತ್ರ ಇಳಿಯುತ್ತಿಲ್ಲ: ದೋಷ ಹುಡುಕುವುದು ಹೇಗೆ?

ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಏರ್ ಪ್ಯೂರಿಫೈಯರ್ ಈಗ ಅಪರೂಪದ ವಸ್ತುವೇನಲ್ಲ. ಅದರ ಜೊತೆಗೆ ಬರುವ ದೂರುಗಳೂ ಮಾಮೂಲಿಯಾಗಿವೆ. "ದಿನವಿಡೀ ಹಾಕಿರ್ತೀವಿ, ಕೆಂಪು ದೀಪ ಆರೋದೇ ಇಲ್ಲ." "ಹೊಸ ಫಿಲ್ಟರ್ ಹಾಕಿಸಿದ್ವಿ, ಆದ್ರೂ ಬೆಳಗ್ಗೆ ಎದ್ರೆ ತಲೆ ಭಾರ." "ನಂಬರ್ 12 ಅಂತ ತೋರಿಸುತ್ತೆ, ಟೇಬಲ್ ಮೇಲೆ ಬೆರಳಾಡಿಸಿದ್ರೆ ಧೂಳು." ಈ ಮೂರೂ ಬೇರೆ ಬೇರೆ ತೊಂದರೆಗಳು. ಆದರೆ ಕೇಳಿದವರಿಗೆಲ್ಲ ಸಿಗುವ ಸಲಹೆ ಒಂದೇ: ಫಿಲ್ಟರ್ ಬದಲಾಯಿಸಿ. ಫಿಲ್ಟರ್ ಬೆಲೆ ಎಷ್ಟು ಅಂತ ಗೊತ್ತಲ್ವಾ? ಅದಕ್ಕೆ ಮೊದಲು ಮನೆಯಲ್ಲೇ ನೋಡಬಹುದಾದದ್ದು ಸಾಕಷ್ಟಿದೆ.

ಈ ಮೆಷಿನ್ ಒಳಗೆ ಮಹಾ ರಹಸ್ಯ ಏನೂ ಇಲ್ಲ. ಒಂದು ಫ್ಯಾನ್, ಎರಡು ಮೂರು ಪದರದ ಫಿಲ್ಟರ್, ಗಾಳಿಯ ಕೊಳೆ ಅಳೆದು ನಂಬರ್ ತೋರಿಸುವ ಒಂದು ಸೆನ್ಸರ್, ಇವನ್ನೆಲ್ಲ ನಡೆಸುವ ಒಂದು ಬೋರ್ಡ್. ಫ್ಯಾನ್ ಸರಿಯಾಗಿ ತಿರುಗುತ್ತಿದ್ದರೆ ಮೆಷಿನ್ ಬಹುತೇಕ ಚೆನ್ನಾಗಿಯೇ ಇದೆ ಎಂದುಕೊಳ್ಳಿ. ಆಗ ತಪ್ಪು ನಾಲ್ಕು ಕಡೆ ಇರಬಹುದು. ಗಾಳಿ ಫಿಲ್ಟರ್ ಒಳಗೆ ಹೋಗುತ್ತಿಲ್ಲ. ಹೋಗುತ್ತಿದೆ, ಆದರೆ ನಿಮ್ಮ ರೂಮಿಗೆ ಸಾಲದು. ಸಾಲುತ್ತದೆ, ಆದರೆ ಹೊಸ ಕೊಳೆ ಅದಕ್ಕಿಂತ ಬೇಗ ಬರುತ್ತಿದೆ. ಇಲ್ಲವೇ ಎಲ್ಲ ಸರಿ ಇದೆ, ಸೆನ್ಸರ್ ಸುಳ್ಳು ಹೇಳುತ್ತಿದೆ. ಇದೇ ಕ್ರಮದಲ್ಲಿ ಹುಡುಕಿದರೆ ಸುಮ್ನೆ ದುಡ್ಡು ಕಳೆಯುವುದು ತಪ್ಪುತ್ತದೆ.

ಮೊದಲು ಮುಚ್ಚಳ ತೆಗೆಯಿರಿ

ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಫಿಲ್ಟರ್ ಹೊರಗೆ ಎಳೆಯಿರಿ. ಅದರ ಮೇಲೆ ಪ್ಲಾಸ್ಟಿಕ್ ಕವರ್ ಇದೆಯೇ ನೋಡಿ. ನಗಬೇಡಿ. ಹೆಚ್ಚಿನ ಕಂಪನಿಗಳು ಫಿಲ್ಟರನ್ನು ಕವರ್ ಸಮೇತ ಮೆಷಿನ್ ಒಳಗೇ ಇಟ್ಟು ಕಳಿಸುತ್ತವೆ. ಬಾಕ್ಸ್ ತೆಗೆದ ಖುಷಿಯಲ್ಲಿ ಸೀದಾ ಪ್ಲಗ್ ಹಾಕುವವರು ಬಹಳ ಜನ. ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಫಿಲ್ಟರ್ ಒಳಗೆ ಮಾತ್ರ ಗಾಳಿ ಹೋಗುವುದಿಲ್ಲ. ತಿಂಗಳುಗಟ್ಟಲೆ ಓಡಿದ ಮೇಲೂ ಫಿಲ್ಟರ್ ಹಾಲಿನಷ್ಟು ಬೆಳ್ಳಗಿದ್ದರೆ ಅನುಮಾನ ಪಡಿ. ಬೆಂಗಳೂರಿನ ಗಾಳಿಯಲ್ಲಿ ಅಷ್ಟು ದಿನ ಯಾವ ಫಿಲ್ಟರೂ ಬೆಳ್ಳಗೆ ಉಳಿಯುವುದಿಲ್ಲ.

ಆಮೇಲೆ ಪ್ರೀಫಿಲ್ಟರ್, ಅಂದರೆ ಹೊರಗಿನ ಜಾಲರಿ. ಕೂದಲು, ಹತ್ತಿಯ ಎಳೆ, ಸಾಕುಪ್ರಾಣಿಯ ತುಪ್ಪಳ ಎಲ್ಲ ಸೇರಿ ಅಲ್ಲಿ ಕಂಬಳಿಯೇ ಆಗಿರುತ್ತದೆ. ಇದನ್ನು ವ್ಯಾಕ್ಯೂಮ್ ಮಾಡಬಹುದು. ತೊಳೆಯುವಂಥದ್ದಾದರೆ ತೊಳೆದು, ಪೂರ್ತಿ ಒಣಗಿಸಿ ಹಾಕಬಹುದು. ಒಳಗಿನ ಹೆಪಾ ಫಿಲ್ಟರನ್ನು ಮಾತ್ರ, ತೊಳೆಯಬಹುದು ಎಂದು ಕಂಪನಿಯೇ ಬರೆದಿಲ್ಲದಿದ್ದರೆ, ನೀರಿಗೆ ಹಾಕಬೇಡಿ. ಅದು ಸಣ್ಣ ಎಳೆಗಳು ಒತ್ತೊತ್ತಾಗಿ ಹೆಣೆದುಕೊಂಡ ಮಡಿಕೆ. ನೀರು ಬಿದ್ದರೆ ಮಡಿಕೆ ಅಂಟಿಕೊಳ್ಳುತ್ತದೆ, ಎಳೆ ಕದಲುತ್ತದೆ. ನೋಡಲು ಸ್ವಚ್ಛವಾದರೂ ಕೆಲಸ ಕೆಡುತ್ತದೆ.

ವಾಪಸ್ ಹಾಕುವಾಗ ಎರಡು ವಿಷಯ ಗಮನಿಸಿ. ಫಿಲ್ಟರ್ ಮೇಲೆ ಬಾಣದ ಗುರುತು ಇದ್ದರೆ ಅದು ಗಾಳಿ ಹರಿಯುವ ದಿಕ್ಕು. ಅಂಚಿನ ರಬ್ಬರ್ ಅಥವಾ ಫೋಮ್ ಎಲ್ಲ ಕಡೆ ಸರಿಯಾಗಿ ಕೂರಬೇಕು. ಟೀ ಸೋಸುವ ಜಾಲರಿ ಲೋಟದ ಮೇಲೆ ಓರೆಯಾಗಿ ಕೂತರೆ ಚರಟ ಪಕ್ಕದಿಂದ ಇಳಿಯುತ್ತದಲ್ಲ, ಇಲ್ಲೂ ಹಾಗೆಯೇ. ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಕಡಿಮೆ ಬೆಲೆಯ ಡೂಪ್ಲಿಕೇಟ್ ಫಿಲ್ಟರುಗಳಲ್ಲಿ ದೊಡ್ಡ ತೊಂದರೆ ಇದೇ: ಅಳತೆ ಒಂದೆರಡು ಮಿಲಿಮೀಟರ್ ಕಡಿಮೆ, ಅಂಚಿನಲ್ಲಿ ಸಂದಿ. ಮೆಷಿನ್ ಹೊಸದಾಗಿ ಸಿಳ್ಳೆ ಹೊಡೆಯಲು ಶುರು ಮಾಡಿದ್ದರೆ ಮೊದಲು ಈ ಸಂದಿಯನ್ನೇ ಹುಡುಕಿ.

ಮೆಷಿನ್ ಇಟ್ಟಿರುವ ಜಾಗವನ್ನೂ ನೋಡಿ. ಸೋಫಾ ಹಿಂದೆ, ಪರದೆ ಪಕ್ಕ, ಮಂಚ ಮತ್ತು ಬೀರು ನಡುವೆ ತುರುಕಿದ್ದರೆ ಅದು ತನ್ನ ಗಾಳಿಯನ್ನೇ ಮತ್ತೆ ಮತ್ತೆ ಕುಡಿಯುತ್ತದೆ. ಗಾಳಿ ಎಳೆಯುವ ಬದಿಯಲ್ಲಿ ಒಂದಡಿಯಾದರೂ ಜಾಗ ಬಿಡಿ. ಎಳೆಯುವ ಬದಿಗೆ ಟಿಶ್ಯೂ ಪೇಪರ್ ಹಿಡಿದರೆ ಜೋರು ವೇಗದಲ್ಲಿ ಅದು ಅಂಟಿಕೊಂಡು ನಿಲ್ಲಬೇಕು. ಬೀಳುತ್ತಿದ್ದರೆ ಫಿಲ್ಟರ್ ಕಟ್ಟಿದೆ ಅಥವಾ ಫ್ಯಾನ್ ಸೋತಿದೆ. ಫಿಲ್ಟರ್ ತೆಗೆದು ಒಂದು ನಿಮಿಷ ಓಡಿಸಿ ನೋಡಿ. ಗಾಳಿ ಒಮ್ಮೆಲೇ ಜೋರಾದರೆ ಫಿಲ್ಟರ್ ಕಟ್ಟಿದೆ ಎಂದೇ ಅರ್ಥ. ಆಗಲೂ ಮಂದವಾಗಿದ್ದರೆ ಫ್ಯಾನ್ ಕಡೆ ನೋಡಬೇಕು.

ಮುಚ್ಚಿದ ರೂಮಿನ ಪರೀಕ್ಷೆ

ಒಂದೇ ಒಂದು ಪರೀಕ್ಷೆ ಮಾಡಲು ಪುರುಸೊತ್ತಿದೆ ಅಂದರೆ ಇದನ್ನು ಮಾಡಿ. ದೋಷ ಮೆಷಿನ್ನಿನದೋ ಮನೆಯದೋ ಎಂದು ಇದು ಹೇಳಿಬಿಡುತ್ತದೆ.

ಬೇಕಾದದ್ದು ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳ ನಂಬರ್ ತೋರಿಸುವ ಒಂದು ಮೀಟರ್. ಬೇರೆ ಮೀಟರ್ ಇಲ್ಲದಿದ್ದರೆ ಮೆಷಿನ್ ಮೇಲಿನ ನಂಬರ್ ಆದೀತು. ಆದರೆ ಅದು ತಾನೇ ಶುದ್ಧ ಮಾಡಿದ ಗಾಳಿಯ ಪಕ್ಕದಲ್ಲೇ ಕೂತಿರುವುದರಿಂದ ಸ್ವಲ್ಪ ಚೆಂದವಾಗಿಯೇ ತೋರಿಸುತ್ತದೆ. ಬಾಗಿಲು ಕಿಟಕಿ ಮುಚ್ಚಿ. ಸೀಲಿಂಗ್ ಫ್ಯಾನ್ ನಿಧಾನಕ್ಕೆ ಹಾಕಿ, ಗಾಳಿ ಬೆರೆಯಲಿ. ಒಂದು ಊದಿನಕಡ್ಡಿ ಹಚ್ಚಿ, ಒಂದೆರಡು ನಿಮಿಷ ಬಿಟ್ಟು, ಆರಿಸಿ ಹೊರಗೆ ಇಟ್ಟುಬಿಡಿ. ನಂಬರ್ ಇನ್ನೂರು ಮುನ್ನೂರಕ್ಕೆ ಹೋಗಿರುತ್ತದೆ. ಮೊದಲು ಮೆಷಿನ್ ಹಾಕದೆ, ಆ ನಂಬರ್ ಅರ್ಧಕ್ಕೆ ಇಳಿಯಲು ಎಷ್ಟು ನಿಮಿಷ ಬೇಕು ನೋಡಿ. ಆಮೇಲೆ ಮತ್ತೆ ಕಡ್ಡಿ ಹಚ್ಚಿ ಅದೇ ಮಟ್ಟಕ್ಕೆ ತಂದು, ಈ ಸಲ ಮೆಷಿನ್ನನ್ನು ಅತಿ ಜೋರಿನಲ್ಲಿ ಇಟ್ಟು ನೋಡಿ.

ಲೆಕ್ಕ ಸುಲಭ. 42 ಅನ್ನು ಆ ನಿಮಿಷಗಳಿಂದ ಭಾಗಿಸಿ. ರೂಮಿನ ಗಾಳಿ ಗಂಟೆಗೆ ಎಷ್ಟು ಸಲ ಶುದ್ಧವಾಗುತ್ತಿದೆ ಎಂಬ ಅಂದಾಜು ಸಿಗುತ್ತದೆ. ಮೆಷಿನ್ ಇಲ್ಲದೆ ಅರ್ಧವಾಗಲು 42 ನಿಮಿಷ ಬೇಕಾಯಿತು ಅನ್ನಿ, ಅದು 1. ಮೆಷಿನ್ ಹಾಕಿದಾಗ 10 ನಿಮಿಷ ಸಾಕಾಯಿತು, ಅದು 4.2. ಕಳೆದರೆ 3.2. ಇದಿಷ್ಟು ಮೆಷಿನ್ನಿನ ದುಡಿಮೆ. ಉಳಿದದ್ದು ಸಂದಿಗಳಿಂದ ಹೊರಹೋದ ಹೊಗೆ, ಗೋಡೆ ನೆಲಕ್ಕೆ ಅಂಟಿದ ಹೊಗೆ.

ಈಗ ರೂಮಿನ ಅಳತೆ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಬೆಡ್‌ರೂಮ್ ಅಂದರೆ 1200 ಘನ ಅಡಿ, ಸುಮಾರು 34 ಘನ ಮೀಟರ್. 3.2 ರಿಂದ ಗುಣಿಸಿದರೆ ಗಂಟೆಗೆ 109 ಘನ ಮೀಟರ್. ಬಾಕ್ಸಿನ ಮೇಲೆ ಸಿಎಡಿಆರ್ ಎಂದು ಬರೆದಿರುತ್ತಾರಲ್ಲ, ಮೆಷಿನ್ ಗಂಟೆಗೆ ಕೊಡುವ ಶುದ್ಧ ಗಾಳಿಯ ಲೆಕ್ಕ, ಅದರ ಜೊತೆ ಇದನ್ನು ಹೋಲಿಸಿ. ಅಲ್ಲಿ 120 ಇದ್ದರೆ ಮೆಷಿನ್ ಹೇಳಿದ ಮಾತು ಉಳಿಸಿಕೊಂಡಿದೆ. 250 ಇದ್ದರೆ ಎಲ್ಲೋ ಎಡವಟ್ಟಾಗಿದೆ: ಕಟ್ಟಿದ ಫಿಲ್ಟರ್, ಅಂಚಿನ ಸಂದಿ ಅಥವಾ ತಪ್ಪು ಜಾಗ. ಸಿಎಡಿಆರ್ ಸಿಎಫ್‌ಎಂನಲ್ಲಿ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಎಂದು ಬರೆದಿದ್ದರೆ 1.7 ರಿಂದ ಗುಣಿಸಿಕೊಳ್ಳಿ.

ಬೆಡ್‌ರೂಮಿಗೆ ಗಂಟೆಗೆ ಐದು ಸಲ ಸಿಕ್ಕರೆ ಒಳ್ಳೆಯದು. ಮೇಲಿನ ರೂಮಿಗೆ ಅದು 170 ಸಿಎಡಿಆರ್. ಅದೇ ಮೆಷಿನ್ನನ್ನು ಅಷ್ಟೇ ಎತ್ತರದ 20 ಅಡಿ, 15 ಅಡಿ ಹಾಲಿಗೆ ತಂದಿಟ್ಟರೆ 425 ಬೇಕು. ಹಾಲು, ಊಟದ ಜಾಗ, ತೆರೆದ ಅಡುಗೆಮನೆ ಎಲ್ಲ ಒಂದೇ ಆದ ಫ್ಲ್ಯಾಟುಗಳಲ್ಲಿ ಸಣ್ಣ ಮೆಷಿನ್ ಇಟ್ಟು ಬೈಯುವುದರಲ್ಲಿ ಅರ್ಥವಿಲ್ಲ. ಬಾಗಿಲಿರುವ ಬೆಡ್‌ರೂಮಿಗೆ ಒಯ್ಯಿರಿ.

ಇನ್ನೊಂದು ಮಾತು. ಬಾಕ್ಸಿನ ಮೇಲಿನ ಸಿಎಡಿಆರ್ ಅತಿ ಜೋರು ವೇಗದ್ದು. ಸದ್ದಾಗುತ್ತದೆ ಎಂದು ರಾತ್ರಿ ಸ್ಲೀಪ್ ಮೋಡ್‌ನಲ್ಲಿ ಇಟ್ಟರೆ ಅದರ ಸಣ್ಣ ಪಾಲಷ್ಟೇ ಸಿಗುತ್ತದೆ. "ರಾತ್ರಿಯೆಲ್ಲ ಹಾಕಿದ್ರೂ ಇಳಿಯಲ್ಲ" ಎಂಬ ದೂರಿನ ಹಿಂದೆ ಈ ಸ್ಲೀಪ್ ಮೋಡ್ ಇರುವುದೇ ಜಾಸ್ತಿ. ಮಲಗುವ ಅರ್ಧ ಗಂಟೆ ಮೊದಲು ಜೋರಾಗಿ ಓಡಿಸಿ, ಆಮೇಲೆ ಮಧ್ಯಮ ವೇಗಕ್ಕೆ ಇಳಿಸಿ. ಆಟೋ ಮೋಡ್ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ತನ್ನ ಪಕ್ಕದ ಗಾಳಿ ಚೆನ್ನಾಗಿದೆ ಎಂದು ಅದು ಬೇಗ ಸುಮ್ಮನಾಗಿಬಿಡುತ್ತದೆ.

ಇಳಿಯುತ್ತದೆ, ಮತ್ತೆ ಏರುತ್ತದೆ

ಪರೀಕ್ಷೆಯಲ್ಲಿ ಪಾಸಾದ ಮೆಷಿನ್ ದಿನನಿತ್ಯ ಸೋಲುತ್ತಿದ್ದರೆ ಕೊಳೆ ಎಲ್ಲಿಂದಲೋ ಬರುತ್ತಿದೆ. ಯಾವ ಹೊತ್ತಿಗೆ ಏರುತ್ತದೆ ಎಂದು ಗಮನಿಸಿದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಬೆಳಗ್ಗೆ ಏಳೆಂಟು ಗಂಟೆಗೆ ಏರಿದರೆ ದೋಸೆ ಕಾವಲಿ ಮತ್ತು ಒಗ್ಗರಣೆ. ಎಣ್ಣೆ ಹೊಗೆಯಾಡಿದ ಕೂಡಲೇ ಅಡುಗೆಮನೆಯ ನಂಬರ್ ಕೆಲವು ನೂರಕ್ಕೆ ಹಾರುತ್ತದೆ. ಪಕ್ಕದ ರೂಮಿನ ಮೆಷಿನ್ ಇದನ್ನು ಬೆನ್ನಟ್ಟಿ ಗೆಲ್ಲಲಾರದು. ಒಲೆ ಹಚ್ಚುವ ಮೊದಲೇ ಎಕ್ಸಾಸ್ಟ್ ಅಥವಾ ಚಿಮಣಿ ಹಾಕಿ, ಅಡುಗೆ ಮುಗಿದ ಮೇಲೂ ಹತ್ತು ನಿಮಿಷ ಬಿಡಿ. ನಿಮ್ಮ ಚಿಮಣಿಗೆ ಹೊರಗೆ ಹೋಗುವ ಪೈಪ್ ಇಲ್ಲದಿದ್ದರೆ ಅದು ಜಿಡ್ಡು ಹಿಡಿದು ಗಾಳಿಯನ್ನು ವಾಪಸ್ ಮನೆಗೇ ಬಿಡುತ್ತದೆ. ಪ್ಯೂರಿಫೈಯರನ್ನೇ ಅಡುಗೆಮನೆಗೆ ತಂದಿಡಬೇಡಿ. ಎಣ್ಣೆ ಜಿಡ್ಡು ಹೆಪಾ ಫಿಲ್ಟರನ್ನು ಬೇಗ ಕೊಲ್ಲುತ್ತದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಏರಿದರೆ ಕಾರಣ ಹೇಳಬೇಕಾಗಿಲ್ಲ. ಊದಿನಕಡ್ಡಿ, ಕರ್ಪೂರ, ಶುಕ್ರವಾರದ ಸಾಂಬ್ರಾಣಿ. ಊದಿನಕಡ್ಡಿಯ ತವರು ಮೈಸೂರು ಇರುವ ನಾಡಿನಲ್ಲಿ ಹಚ್ಚಬೇಡಿ ಅನ್ನಲು ನನಗೂ ಧೈರ್ಯವಿಲ್ಲ. ಅತ್ತೆಗೆ ಹೇಳಲು ನಿಮಗೂ ಇರಲಿಕ್ಕಿಲ್ಲ. ದೇವರ ಮನೆ ಕಡೆಯ ಕಿಟಕಿ ತೆರೆದು, ಬೆಡ್‌ರೂಮ್ ಬಾಗಿಲು ಹಾಕಿಕೊಂಡರೆ ಸಾಕು. ಸೊಳ್ಳೆ ಕಾಯಿಲ್ ವಿಷಯ ಬೇರೆ. ಅದನ್ನು ರಾತ್ರಿಯಿಡೀ ಉರಿಸಿ ಪಕ್ಕದಲ್ಲಿ ಪ್ಯೂರಿಫೈಯರ್ ಓಡಿಸುವುದು ಎರಡೂ ಕಡೆ ದಂಡ. ಸೊಳ್ಳೆ ಪರದೆ ಕಟ್ಟಿ.

ಕಸ ಗುಡಿಸುವಾಗ ಏರುವುದು ಸಹಜ. ಹೊಸ ಹುಲ್ಲಿನ ಪೊರಕೆಯಂತೂ ತನ್ನದೇ ಪುಡಿ ಉದುರಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಡಿಮೆ.

ನಸುಕಿನಲ್ಲಿ, ಮನೆಯವರೆಲ್ಲ ಮಲಗಿರುವಾಗಲೇ ಏರುತ್ತಿದ್ದರೆ ಅದು ಹೊರಗಿನದು. ಚಳಿಗಾಲದ ಬೆಳಗ್ಗೆ ಗಾಳಿ ನಿಂತಿರುತ್ತದೆ, ಹೊಗೆ ಮೇಲೇಳುವುದಿಲ್ಲ. ಅದರ ಮೇಲೆ ಖಾಲಿ ಸೈಟಿನಲ್ಲಿ ಒಣಎಲೆ, ಕಸಕ್ಕೆ ಯಾರೋ ಬೆಂಕಿ ಇಟ್ಟಿರುತ್ತಾರೆ. ಇದು ಒಳಗೆ ಬರುವ ದಾರಿ ಹುಡುಕಬೇಕು. ಉರಿಯುವ ಕಡ್ಡಿಯನ್ನು ಕಿಟಕಿ ಅಂಚಿನ ಉದ್ದಕ್ಕೂ ನಿಧಾನವಾಗಿ ಒಯ್ಯಿರಿ. ಹೊಗೆ ಎಲ್ಲಿ ಅಡ್ಡಡ್ಡ ಓಡುತ್ತದೋ ಅಲ್ಲಿ ಸಂದಿ. ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿಗಳ ಎರಡು ಬಾಗಿಲು ಸೇರುವ ಜಾಗ, ಎಸಿ ಪೈಪಿಗೆ ಕೊರೆದ ತೂತು, ಬಾಗಿಲ ಕೆಳಗಿನ ಸಂದು, ಬಾತ್‌ರೂಮಿನ ಎಕ್ಸಾಸ್ಟ್ ಕಿಂಡಿ. ಉಲ್ಲನ್ ಸ್ಟ್ರಿಪ್, ಫೋಮ್ ಟೇಪ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತವೆ, ಹೊಸ ಫಿಲ್ಟರಿಗಿಂತ ಎಷ್ಟೋ ಅಗ್ಗ.

ಹಳೆಯ ಬಡಾವಣೆಗಳ ಮನೆಗಳಲ್ಲಿ ಕಿಟಕಿ ಮೇಲೆ ವೆಂಟಿಲೇಟರ್ ಇರುತ್ತದೆ, ಮುಚ್ಚಲು ಬಾಗಿಲೇ ಇಲ್ಲದ ಜಾಲಿ. ಅದನ್ನು ಹಾಗೇ ಬಿಟ್ಟು ಪ್ಯೂರಿಫೈಯರ್ ಹಾಕಿದರೆ ಬೀದಿಯನ್ನೇ ಶುದ್ಧ ಮಾಡಲು ಹೊರಟಂತೆ. ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಿಗೂ ಇದೇ ಮಾತು. ತಾರಸಿ ಅಥವಾ ಫಾಲ್ಸ್ ಸೀಲಿಂಗ್ ಇರುವ ಒಂದು ಕೋಣೆ ಇದ್ದರೆ ಅಲ್ಲಿ ಇಡಿ. ಇಲ್ಲವಾದರೆ ಕೊಳ್ಳದಿರುವುದೇ ಲೇಸು.

ನಂಬರ್ ಸರಿಯೇ, ಸೆನ್ಸರ್ ಸರಿಯೇ

ಒಳಗಿರುವ ಸೆನ್ಸರ್ ಸಣ್ಣ ಲೇಸರ್ ಬೆಳಕು ಬಿಟ್ಟು, ಕಣಗಳಿಗೆ ತಾಗಿ ಚದುರುವ ಬೆಳಕನ್ನು ಅಳೆಯುತ್ತದೆ. ಅದರ ಕಣ್ಣಿನ ಮೇಲೆ ಧೂಳು ಕೂತರೆ ಗಾಳಿ ಎಷ್ಟೇ ಚೆನ್ನಾಗಿದ್ದರೂ ಕೆಂಪು ದೀಪ. ಹೆಚ್ಚಿನ ಮೆಷಿನ್ನುಗಳಲ್ಲಿ ಪಕ್ಕದಲ್ಲೋ ಹಿಂದೆಯೋ ಒಂದು ಸಣ್ಣ ಮುಚ್ಚಳ ಇರುತ್ತದೆ. ಪ್ಲಗ್ ಕಿತ್ತು, ಅದನ್ನು ತೆಗೆದು, ಒಣ ಇಯರ್ ಬಡ್‌ನಿಂದ ಲೆನ್ಸ್ ಮೆಲ್ಲಗೆ ಒರೆಸಿ. ಸ್ಯಾನಿಟೈಸರ್, ಸ್ಪ್ರೇ ಬೇಡ. ಅಂಥ ಮುಚ್ಚಳ ಇಲ್ಲದಿದ್ದರೆ ಮೆತ್ತನೆಯ ಬ್ರಷ್‌ನಿಂದ ಸೆನ್ಸರ್ ಕಿಂಡಿಯ ಜಾಲರಿ ಬಿಡಿಸಿದರೂ ಎಷ್ಟೋ ಸಲ ಸರಿಹೋಗುತ್ತದೆ.

ಮಳೆಗಾಲದಲ್ಲಿ, ಮಂಜು ಕವಿದ ಬೆಳಗ್ಗೆ, ತೇವ ಹೀರಿ ಊದಿದ ಕಣಗಳನ್ನು ಸೆನ್ಸರ್ ಕೊಳೆ ಎಂದೇ ಎಣಿಸುತ್ತದೆ. ಹ್ಯೂಮಿಡಿಫೈಯರ್ ಇಟ್ಟವರು ಇನ್ನೊಂದು ಗಮನಿಸಿ. ಅಲ್ಟ್ರಾಸಾನಿಕ್ ಹ್ಯೂಮಿಡಿಫೈಯರಿಗೆ ಬೋರ್‌ವೆಲ್ ನೀರು ಹಾಕಿದರೆ ಅದರಲ್ಲಿರುವ ಸುಣ್ಣ, ಉಪ್ಪು ಪುಡಿಯಾಗಿ ಗಾಳಿ ಸೇರುತ್ತವೆ. ಆಗ ಸೆನ್ಸರ್ ಹೇಳುತ್ತಿರುವುದು ನಿಜವೇ. ಕಾವೇರಿ ನೀರಾದರೂ ಪೂರ್ತಿ ತಪ್ಪುವುದಿಲ್ಲ. ಡಿಸ್ಟಿಲ್ಡ್ ನೀರು ಬೇಕು.

"ಆಪ್‌ನಲ್ಲಿ 100, ಮೆಷಿನ್ನಿನಲ್ಲಿ 60, ಯಾವುದು ಸರಿ?" ಎಂಬ ಪ್ರಶ್ನೆ ಆಗಾಗ ಬರುತ್ತದೆ. ಎರಡೂ ಸರಿ. ಮೆಷಿನ್ ಹೆಚ್ಚಾಗಿ ತೋರಿಸುವುದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಪಿಎಂ 2.5 ಇದೆ ಎಂದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆಪ್ ತೋರಿಸುವುದು ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ. ನಮ್ಮ ದೇಶದ ಪಟ್ಟಿಯಲ್ಲಿ 60 ಮೈಕ್ರೋಗ್ರಾಂ ಅಂದರೆ ಎಕ್ಯೂಐ 100. ಅಮೆರಿಕದ ಪಟ್ಟಿ ಬಳಸುವ ಆಪ್‌ಗಳಲ್ಲಿ ಅದೇ ಗಾಳಿ 150 ದಾಟುತ್ತದೆ. ಗಾಬರಿಯಾಗುವ ಮೊದಲು ಯಾವ ಪಟ್ಟಿ ಎಂದು ನೋಡಿ. ಗುರಿ ಎಷ್ಟಿರಬೇಕು ಅಂತೀರಾ? ಭಾರತದ 24 ಗಂಟೆಯ ಮಿತಿ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಬೆಡ್‌ರೂಮಿನಲ್ಲಿ 15ರ ಒಳಗೆ ಇಡುವುದು ಒಂದು ಸರಿಯಾದ ಮೆಷಿನ್ನಿಗೆ ಕಷ್ಟದ ಕೆಲಸವಲ್ಲ.

ಟೇಬಲ್ ಮೇಲಿನ ಧೂಳು? ಅದು ದೋಷವೇ ಅಲ್ಲ. ಕಣ್ಣಿಗೆ ಕಾಣುವ ಧೂಳು ಭಾರ, ಮೆಷಿನ್ ತಲುಪುವ ಮೊದಲೇ ಕೆಳಗೆ ಕೂರುತ್ತದೆ. ಅದಕ್ಕೆ ಒದ್ದೆ ಬಟ್ಟೆಯೇ ಮದ್ದು.

ನಂಬರ್ ಚೆನ್ನಾಗಿದೆ, ಮೂಗು ಒಪ್ಪುತ್ತಿಲ್ಲ

ಹೆಪಾ ಕಣ ಹಿಡಿಯುತ್ತದೆ, ವಾಸನೆ ಹಿಡಿಯುವುದಿಲ್ಲ. ಪೇಂಟ್, ಹೊಸ ಪ್ಲೈವುಡ್, ಫಿನೈಲ್ ಇವುಗಳ ವಾಸನೆ ಅನಿಲ. ಅದಕ್ಕೆ ಕಾರ್ಬನ್ ಪದರ ಬೇಕು. ಅನೇಕ ಮೆಷಿನ್ನುಗಳಲ್ಲಿ ಕಾರ್ಬನ್ ಅಂದರೆ ಕಪ್ಪು ಬಣ್ಣದ ತೆಳು ಸ್ಪಂಜು ಅಷ್ಟೇ. ಬೇಗ ತುಂಬಿಹೋಗುತ್ತದೆ. ತುಂಬಿದ ಮೇಲೆ ಹಿಡಿದ ವಾಸನೆಯನ್ನೇ ಬಿಸಿಲು ಹೊತ್ತಿನಲ್ಲಿ ವಾಪಸ್ ಬಿಡುತ್ತದೆ. ಹೊಸ ಇಂಟೀರಿಯರ್ ಮಾಡಿಸಿದ ಮನೆಗೆ ಮೊದಲ ಮದ್ದು ತೆರೆದ ಕಿಟಕಿ.

ಬೆಳಗ್ಗೆ ತಲೆಭಾರಕ್ಕೂ ಕಾರಣ ಇದೇ ಸಾಲಿನದಿರಬಹುದು. ಬಾಗಿಲು ಕಿಟಕಿ ಬಿಗಿದು, ಎಸಿ ಹಾಕಿ, ಇಬ್ಬರು ಮಲಗಿದರೆ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಹೊರಗೆ ಸುಮಾರು 420 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲು) ಇರುವುದು ಒಳಗೆ 1000 ದಾಟುವುದು ಮಾಮೂಲಿ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಪ್ಯೂರಿಫೈಯರ್ ಕೂಡ. ಕಿಟಕಿಯನ್ನು ಎರಡು ಬೆರಳಷ್ಟು ತೆರೆದು, ಮೆಷಿನ್ ವೇಗ ಒಂದು ಹಂತ ಏರಿಸಿ. ಹೊರಗೆ ಹೊಗೆ ಇರುವ ಹೊತ್ತಲ್ಲಿ ಮಾತ್ರ ಮುಚ್ಚಿ.

ಕಾರ್ಬನ್ ಮೊನಾಕ್ಸೈಡ್ ವಿಷಯದಲ್ಲಿ ತಮಾಷೆ ಇಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ಯೂರಿಫೈಯರ್ ಅದನ್ನು ತಡೆಯುವುದೂ ಇಲ್ಲ, ಅದರ ಸೆನ್ಸರ್ ಗುರುತಿಸುತ್ತದೆ ಎಂದು ನಂಬುವಂತೆಯೂ ಇಲ್ಲ. ಬಾತ್‌ರೂಮಿನ ಗ್ಯಾಸ್ ಗೀಸರ್ ಸಾವುಗಳು ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಗೀಸರ್ ಹಾಕಿದಾಗ ತಲೆ ಸುತ್ತು, ವಾಂತಿ ಬಂದಂತಾದರೆ ಮೊದಲು ಹೊರಗೆ ಬನ್ನಿ. ಆ ಗೀಸರ್ ಬಾತ್‌ರೂಮಿನ ಹೊರಗೆ ಹೋಗುವವರೆಗೆ ಬಳಸಬೇಡಿ.

ಮೆಷಿನ್ನೇ ನಾರುತ್ತಿದ್ದರೆ? ಹುಳಿ ಅಥವಾ ಒದ್ದೆ ಬಟ್ಟೆಯ ವಾಸನೆಯಾದರೆ ಫಿಲ್ಟರ್ ತೇವ ಹಿಡಿದಿದೆ, ಬೂಷ್ಟು ಬಂದಿರಬಹುದು. ಬಿಸಿಲಿಗಿಟ್ಟು ಸುಧಾರಿಸುವ ಆಸೆ ಬೇಡ, ಎಸೆಯಿರಿ. ಗೋಡೆಯೇ ಒಸರುತ್ತಿದ್ದರೆ ಹೊಸ ಫಿಲ್ಟರಿಗೂ ಅದೇ ಗತಿ. ಮೊದಲು ಗೋಡೆ ರಿಪೇರಿ. ಮಳೆ ಬಂದಾಗಿನ ಮಿಂಚಿನಂಥ, ಜೆರಾಕ್ಸ್ ಅಂಗಡಿಯಂಥ ಚುರುಕು ವಾಸನೆಯಾದರೆ ಅದು ಓಝೋನ್. ಕಣಗಳಿಗೆ ವಿದ್ಯುತ್ ಚಾರ್ಜ್ ಕೊಡುವ ಅಯೊನೈಸರ್ ನಿಮ್ಮ ಮೆಷಿನ್ನಿನಲ್ಲಿದ್ದರೆ ಅದರ ಬಟನ್ ಆಫ್ ಮಾಡಿ. ಗಂಟಲು ಕೆರೆಯುವ ಅನಿಲ ಅದು, ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಖಂಡಿತ ಬೇಡ.

ಸದ್ದು, ದೀಪ, ಕರೆಂಟು

ಮೆಷಿನ್ ಆನ್ ಆಗುತ್ತಿಲ್ಲ ಎಂದರೆ ಮೊದಲು ಮುಚ್ಚಳ ಒತ್ತಿ. ಅಲ್ಲೊಂದು ಸಣ್ಣ ಸ್ವಿಚ್ ಇರುತ್ತದೆ, ಮುಚ್ಚಳ ಸರಿ ಕೂರದಿದ್ದರೆ ಮೆಷಿನ್ ಏಳುವುದಿಲ್ಲ. ಕಟಕಟ ಸದ್ದಿಗೆ ಫ್ಯಾನ್ ಒಳಗೆ ಬಿದ್ದ ಪ್ಲಾಸ್ಟಿಕ್ ಚೂರೋ ಹುಳುವೋ ಕಾರಣ ಇರಬಹುದು. ವೇಗದ ಜೊತೆ ಏರುವ ಗುರ್ ಸದ್ದು ಬೇರಿಂಗಿನದು. ಕರೆಂಟು ಹೋಗಿ ಇನ್ವರ್ಟರ್ ಬಂದಾಗ ಮಾತ್ರ ಗುಂಯ್ ಎಂದರೆ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಅನುಮಾನ.

ಫಿಲ್ಟರ್ ಬದಲಿಸಿ ಎನ್ನುವ ದೀಪ ಬಹಳಷ್ಟು ಮೆಷಿನ್ನುಗಳಲ್ಲಿ ಗಂಟೆ ಎಣಿಸುತ್ತದೆಯೇ ಹೊರತು ಫಿಲ್ಟರ್ ನೋಡುವುದಿಲ್ಲ. ಹೊಸ ಫಿಲ್ಟರ್ ಹಾಕಿದ ಮೇಲೂ ಉರಿಯುತ್ತಿದ್ದರೆ ರೀಸೆಟ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು. ದೀಪ ಹೊತ್ತಿದ ದಿನವೇ ಅಂಗಡಿಗೆ ಓಡಬೇಡಿ. ಮುಚ್ಚಿದ ರೂಮಿನ ಪರೀಕ್ಷೆ ಮಾಡಿ, ಹೊಸದಿದ್ದಾಗ ಬರೆದಿಟ್ಟ ನಿಮಿಷಕ್ಕೂ ಈಗಿನದಕ್ಕೂ ಹೋಲಿಸಿ. ಅರ್ಧವಾಗಲು ಮೊದಲಿಗಿಂತ ಎರಡು ಪಟ್ಟು ಹೊತ್ತು ಬೇಕಾಗುತ್ತಿದ್ದರೆ ಬದಲಿಸಿ. ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದ್ದರೆ ಬದಲಿಸುವ ದಿನ ದೀಪ ಹೊತ್ತುವುದಕ್ಕಿಂತ ಮೊದಲೇ ಬರಬಹುದು. ಕೊಳ್ಳುವಾಗ "ಹೆಪಾ ಟೈಪ್", "ಹೆಪಾ ಲೈಕ್" ಎಂಬ ಮಾತು ಕಂಡರೆ ಬಿಟ್ಟುಬಿಡಿ. ಎಚ್13 ಎಂಬ ಹೆಪಾ ದರ್ಜೆ ಬರೆದಿದ್ದರೆ ಹಿಡಿಯಲು ಅತಿ ಕಷ್ಟವಾದ ಗಾತ್ರದ ಕಣಗಳಲ್ಲೂ ಶೇ 99.95ರಷ್ಟನ್ನು ಹಿಡಿಯಬೇಕು ಎಂಬ ಅಳತೆ ಇದೆ.

ಫಿಲ್ಟರ್ ತೆಗೆದರೂ ಗಾಳಿ ಮಂದ, ಫ್ಯಾನ್ ನಿಂತು ನಿಂತು ತಿರುಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಲೆನ್ಸ್ ಒರೆಸಿದರೂ ನಂಬರ್ ಒಂದೇ ಕಡೆ ನಿಂತಿದೆ ಎಂದರೆ ಆಗ ಸರ್ವಿಸ್‌ಗೆ ಕರೆಯಿರಿ. ಕರೆದಾಗ "ಕೆಲಸ ಮಾಡ್ತಿಲ್ಲ" ಅನ್ನಬೇಡಿ. ರೂಮಿನ ಅಳತೆ, ಯಾವ ವೇಗದಲ್ಲಿ ಎಷ್ಟು ನಿಮಿಷಕ್ಕೆ ನಂಬರ್ ಅರ್ಧವಾಯಿತು, ಬಾಕ್ಸಿನ ಮೇಲೆ ಸಿಎಡಿಆರ್ ಎಷ್ಟಿದೆ ಎಂದು ಬರೆದು ಕಳಿಸಿ. ವಾರಂಟಿ ಇದ್ದರೆ ಫೋಟೊ ಸಮೇತ ಕಳಿಸಿ. ಫಿಲ್ಟರ್ ಬದಲಾಯಿಸಿ ಎಂದು ಮತ್ತೆ ಹೇಳಿದರೆ, ಫಿಲ್ಟರ್ ಇಲ್ಲದೆಯೇ ಗಾಳಿ ಮಂದವಾಗಿರುವ ವಿಡಿಯೊ ತೋರಿಸಿ.